ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಸಂಗೀತ ಪ್ರಕಾರಗಳು

ರಾಗ, ತಾಳ, ವಾದ್ಯ, ಸಾಹಿತ್ಯದ ಕಟ್ಟು, ಹಾಡುವ ಸಂದರ್ಭ, ಹಾಡುವ ಸಮುದಾಯ ಇವುಗಳ ಹೋಲಿಕೆಯಿಂದ ಒಂದೇ ಗುಂಪಿಗೆ ಸೇರುವ ಹಾಡು ಅಥವಾ ವಾದನಗಳನ್ನು ಒಂದು ಸಂಗೀತ ಪ್ರಕಾರವೆಂದೂ, ಆ ಪ್ರಕಾರದೊಳಗೆ ಗುರುಪರಂಪರೆಯಿಂದಲೋ ಪ್ರದೇಶದಿಂದಲೋ ಬೆಳೆದುಬಂದ ಹಾಡುವ ರೀತಿಯನ್ನು ಶೈಲಿಯೆಂದೂ ಕರೆಯುವುದು ವಾಡಿಕೆ. ಈ ಅರ್ಥದಲ್ಲಿ ಖ್ಯಾಲ್ ಒಂದು ಪ್ರಕಾರ, ಕಿರಾಣಾ ಮತ್ತು ಗ್ವಾಲಿಯರ್ ಅದರ ಶೈಲಿಗಳು. ಭಜನೆ ಒಂದು ಪ್ರಕಾರ, ಏಕತಾರಿಯ ತತ್ವಪದ ಅದರ ಒಂದು ಕವಲು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ವರ್ಷ ರಚನೆಯಾದ ಹಾವೇರಿ ಜಿಲ್ಲೆಯ ಪಾಲಿಗೆ ಬಂದವು. 1956ಕ್ಕೆ ಮೊದಲು ಈ ನಾಡು ಮುಂಬಯಿ ಪ್ರಾಂತದಲ್ಲಿತ್ತು. ಸವಣೂರು ಮಾತ್ರ 1948ರವರೆಗೆ ನವಾಬರ ಪ್ರತ್ಯೇಕ ಸಂಸ್ಥಾನವಾಗಿತ್ತು. ಹಿರೇಕೆರೂರಿನ ದಕ್ಷಿಣದ ಗಡಿ ದಾಟಿದರೆ ಮೈಸೂರು ಸೀಮೆ, ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡು. ಹೀಗೆ ಕರ್ನಾಟಕ ಸಂಗೀತದ ಮೈಸೂರಿಗೂ ಹಿಂದುಸ್ತಾನಿ ಸಂಗೀತದ ಮೀರಜ್-ಪುಣೆಗಳಿಗೂ ನಡುವೆ ನಿಂತ ಈ ಪ್ರದೇಶದಲ್ಲಿ ಒಂದು ಹಾಡು ಯಾವ ಪ್ರಕಾರಕ್ಕೆ ಸೇರಿದ್ದು ಎಂಬುದನ್ನು ಅದರ ಸ್ವರರಚನೆಗಿಂತ ಹೆಚ್ಚಾಗಿ ಅದನ್ನು ಎಲ್ಲಿ, ಯಾರೆದುರು, ಯಾವ ಹೊತ್ತಿನಲ್ಲಿ ಹಾಡುತ್ತಾರೆ ಎಂಬುದು ನಿರ್ಧರಿಸುತ್ತದೆ. ಒಂದೇ ಛಂದಸ್ಸು, ಒಂದೇ ಪದ, ಕೆಲವೊಮ್ಮೆ ಒಬ್ಬನೇ ಗಾಯಕ ಸ್ಥಳ ಬದಲಿಸಿದೊಡನೆ ಪ್ರಕಾರವನ್ನೂ ಬದಲಿಸಿಕೊಳ್ಳುವುದು ಇಲ್ಲಿಯ ಸಂಗೀತ ಚರಿತ್ರೆಯುದ್ದಕ್ಕೂ ಕಾಣುತ್ತದೆ.

ಸಂದರ್ಭವನ್ನು ಅನುಸರಿಸಿ ಹಾಡುಗಳನ್ನು ವಿಂಗಡಿಸುವ ಕ್ರಮ ಇತ್ತೀಚಿನದಲ್ಲ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದ ಗೀತವಿನೋದ ಭಾಗದಲ್ಲಿ ಕಥೆಗೆ ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಳ, ಯೋಗಿಗಳಿಗೆ ಚರ್ಯಾ ಎಂದು ವಿಭಾಗಿಸಿರುವುದಲ್ಲದೆ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದೂ ಹೇಳಿದೆ. ಅರಮನೆಯಲ್ಲಿ ಕುಳಿತು ಬರೆದ ಅರಸನೊಬ್ಬ ಒನಕೆಯ ಹಾಡನ್ನು ದೇವಾಲಯದ ಪ್ರಬಂಧಗಳ ಸಾಲಿನಲ್ಲಿಯೇ ಇರಿಸಿದ್ದು ಗಮನಾರ್ಹ. ನಂತರದ ಎಷ್ಟೋ ಶಾಸ್ತ್ರಕಾರರು ಆ ಔದಾರ್ಯವನ್ನು ತೋರಲಿಲ್ಲ. ಆ ಕಾಲಕ್ಕೆ ಪಾನುಂಗಲ್ಲು ಐನೂರು ಎಂಬ ಹೆಸರಿನ ಹಾನಗಲ್ಲ ನಾಡನ್ನು ಚಾಲುಕ್ಯರ ಸಾಮಂತರಾದ ಕದಂಬರು ಆಳುತ್ತಿದ್ದರು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ ಮೊದಲಾದ ದೇಗುಲಗಳು ಇದೇ ಚಾಲುಕ್ಯ ಪರಂಪರೆಯವು. ಆ ಯುಗದ ದಾನಶಾಸನಗಳಲ್ಲಿ ದೇವರ ಪೂಜೆ-ನೈವೇದ್ಯಗಳ ವೆಚ್ಚಕ್ಕೆ ಅಂಗಭೋಗವೆಂದೂ, ದೇವರೆದುರು ನಡೆಯುವ ಗೀತ-ವಾದ್ಯ-ನೃತ್ಯಗಳ ವೆಚ್ಚಕ್ಕೆ ರಂಗಭೋಗವೆಂದೂ ಹೆಸರಿದ್ದು, ಎರಡಕ್ಕೂ ಭೂಮಿ ಬಿಡುವ ಪದ್ಧತಿಯಿತ್ತು.

ಹೆಂಗಸರ ದುಡಿಮೆಯ ಹಾಡುಗಳು ಈ ಸೀಮೆಯ ಅತ್ಯಂತ ಹಳೆಯ ಸ್ತರವೆಂದು ಭಾವಿಸಲು ಅವುಗಳ ಛಂದಸ್ಸೇ ಆಧಾರ. ಬೀಸುವ ಪದಗಳ ಮುಖ್ಯ ಕಟ್ಟು ತ್ರಿಪದಿ. ಮೂರು ಸಾಲುಗಳ ಈ ಅಂಶಛಂದಸ್ಸಿನ ಪದ್ಯ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 700ರ ಹೊತ್ತಿಗಾಗಲೇ ಕಾಣಿಸಿಕೊಂಡಿದೆ. ಬರೆದಾಗ ಮೂರು ಸಾಲಾಗಿರುವ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ನಾಲ್ಕು ಸಾಲಿನ ಹರವು ಕೊಡುತ್ತಾರೆ. ಕಲ್ಲಿನ ಗೂಟ ಹಿಡಿದು ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ಮುಂದುವರಿಸುವುದಕ್ಕೂ, ತೋಳು ಸುತ್ತುವ ಲಯಕ್ಕೂ ಈ ಪುನರಾವೃತ್ತಿ ಹೊಂದುತ್ತದೆ. ತಾಳದ ಕೆಲಸವನ್ನು ಕಲ್ಲೇ ಮಾಡುವುದರಿಂದ ಬೇರೆ ವಾದ್ಯವಿಲ್ಲ. ತವರು, ಅಣ್ಣ-ತಮ್ಮಂದಿರು, ಕೂಸು, ಊರದೇವರು, ಅತ್ತೆಮನೆಯ ಕಷ್ಟ ಇವು ವಸ್ತು. ಇದೇ ಧಾಟಿ ಮದುವೆಯ ಮನೆಗೆ ಬಂದರೆ ಸೋಬಾನೆಗೂ ತೊಟ್ಟಿಲ ಬಳಿ ಹೋದರೆ ಜೋಗುಳಕ್ಕೂ ಒದಗುತ್ತದೆ. ಇದಕ್ಕೆ ಸಮಾನಾಂತರವಾಗಿ ಮರಾಠಿಯಲ್ಲಿ ಓವಿಯಿದೆ. ಬಿಜಾಪುರದ ಆದಿಲಶಾಹಿ ಕಾಲದಲ್ಲಿ ಸೂಫಿಗಳು ದಖನಿ ಭಾಷೆಯಲ್ಲಿ ರಚಿಸಿದ ಚಕ್ಕಿನಾಮಾಗಳೂ ಬೀಸುಕಲ್ಲಿನ ಹಾಡುಗಳೇ. ತಿರುಗುವ ಕಲ್ಲನ್ನು ದೇವರ ಧ್ಯಾನದ ರೂಪಕವಾಗಿಸಿ ಮನೆಯೊಳಗಿನ ಹೆಂಗಸರಿಗೆ ಸೂಫಿ ಉಪದೇಶವನ್ನು ತಲುಪಿಸುವುದು ಅವುಗಳ ಉದ್ದೇಶ. ಸವಣೂರಿನ ನವಾಬ ಮನೆತನ ಬಿಜಾಪುರದ ಅಧಿಕಾರಿಗಳಾಗಿದ್ದ ಪಠಾಣರದು. ಹಾಗಾಗಿ ಕನ್ನಡದ ತ್ರಿಪದಿ, ಮರಾಠಿಯ ಓವಿ, ದಖನಿಯ ಚಕ್ಕಿನಾಮಾ ಮೂರೂ ಹತ್ತಿರ ಹತ್ತಿರದ ಸೀಮೆಗಳಲ್ಲಿ ಒಂದೇ ಬಗೆಯ ಕಲ್ಲಿನ ಸದ್ದಿಗೆ ಹೊಂದಿಕೊಂಡು ಬೆಳೆದವು. ಹಿಟ್ಟಿನ ಗಿರಣಿಗಳು ಹಳ್ಳಿಗಳಿಗೆ ಬಂದ ಮೇಲೆ ಈ ಪ್ರಕಾರ ತನ್ನ ಸಂದರ್ಭವನ್ನೇ ಕಳೆದುಕೊಂಡಿತು, ಪದಗಳು ಮಾತ್ರ ಸಂಕಲನಗಳಲ್ಲಿಯೂ ವೇದಿಕೆಯ ಜಾನಪದ ಗೀತೆಗಳಲ್ಲಿಯೂ ಉಳಿದವು.

ತ್ರಿಪದಿಗೆ ಇದೇ ಸೀಮೆಯಲ್ಲಿ ಇನ್ನೊಂದು ಬದುಕೂ ಉಂಟು. ಸಂಪ್ರದಾಯವು ಹಿರೇಕೆರೂರು ಸೀಮೆಯ ಅಬಲೂರು-ಮಾಸೂರುಗಳೊಂದಿಗೆ ಜೋಡಿಸುವ ಸರ್ವಜ್ಞನ ತ್ರಿಪದಿಗಳನ್ನು ಹಾಡುವುದಕ್ಕಿಂತ ಹೇಳುವುದೇ ಹೆಚ್ಚು: ಕಟ್ಟೆಯ ಮೇಲಿನ ಮಾತಿನ ನಡುವೆ, ಪಂಚಾಯಿತಿಯ ವಾದದಲ್ಲಿ ಗಾದೆಯಂತೆ ಎಸೆಯುವ ಪದ್ಯಗಳವು. ಬೀಸುವ ಪದದ ಎಳೆದು ಹಾಡುವ ನಿಧಾನಕ್ಕೂ ಸರ್ವಜ್ಞನ ಪದ್ಯವನ್ನು ಒಪ್ಪಿಸುವ ಬಿರುಸಿಗೂ ಛಂದಸ್ಸು ಒಂದೇ ಆದರೂ, ಮೊದಲನೆಯದನ್ನು ಸಂಗೀತವೆಂದೂ ಎರಡನೆಯದನ್ನು ಮಾತೆಂದೂ ಜನ ಎಣಿಸುತ್ತಾರೆ. ಅಬಲೂರಿನ ಸೋಮೇಶ್ವರ ದೇಗುಲದ ಶಾಸನದಲ್ಲಿ ವರ್ಣಿತನಾದ ಶೈವ ಭಕ್ತ ಏಕಾಂತದ ರಾಮಯ್ಯನ ಕಥೆಯನ್ನು ಹರಿಹರ ಕವಿ ರಗಳೆಯಲ್ಲಿ ಬರೆದಿದ್ದಾನೆ. ಪದ್ಯಸಂಖ್ಯೆಯ ಮಿತಿಯಿಲ್ಲದೆ ಪ್ರಾಸದಿಂದ ಪ್ರಾಸಕ್ಕೆ ಓಡುವ ರಗಳೆ ಗಟ್ಟಿಯಾಗಿ ಓದಲೆಂದೇ ಹುಟ್ಟಿದ ರೂಪ. ಅದೇ ಶರಣ ಚಳವಳಿಯ ವಚನಗಳಿಗೆ ನಿಯತ ಛಂದಸ್ಸಿನ ಕಟ್ಟಿಲ್ಲ. ಅವು 20ನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಮೊದಲಾದವರ ಕಂಠದಲ್ಲಿ ಹಿಂದುಸ್ತಾನಿ ರಾಗಗಳನ್ನು ತೊಟ್ಟು ‘ವಚನ ಗಾಯನ’ವೆಂಬ ಹೊಸ ಪ್ರಕಾರವಾಗಿ ಕಚೇರಿಯ ಕೊನೆಯ ಭಾಗದಲ್ಲಿ ನೆಲೆಯಾದವು.

ಹರಿದಾಸ ಸಾಹಿತ್ಯದ ಪ್ರಮುಖ ಹೆಸರುಗಳಲ್ಲಿ ಒಂದಾದ ಕನಕದಾಸರು ಶಿಗ್ಗಾವಿ ತಾಲ್ಲೂಕಿನ ಬಾಡದವರು; ಅವರ ಅಂಕಿತದ ಆದಿಕೇಶವನು ನೆರೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ದೈವ. ಪಲ್ಲವಿ, ಅನುಪಲ್ಲವಿ, ಚರಣಗಳೆಂಬ ಅಂಗಗಳುಳ್ಳ ಕೀರ್ತನೆ, ತಾಳದ ಬಂಧನವಿಲ್ಲದೆ ರಾಗವನ್ನಷ್ಟೇ ಆಶ್ರಯಿಸಿ ಹಾಡುವ ಉಗಾಭೋಗ, ಒಗಟಿನಂತೆ ಅರ್ಥವನ್ನು ಮುಚ್ಚಿಟ್ಟ ಮುಂಡಿಗೆ ಇವು ಅವರು ಬಳಸಿದ ರೂಪಗಳು. ಇವಲ್ಲದೆ ಸಾಂಗತ್ಯದಲ್ಲಿ ‘ಮೋಹನತರಂಗಿಣಿ’ಯನ್ನೂ ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯನ್ನೂ ಬರೆದರು. ಸಾಂಗತ್ಯವೂ ಮೂಲತಃ ಹಾಡುಗಬ್ಬವೇ. ಕನಕರ ಕೀರ್ತನೆಗಳು ಇಂದು ಬೆಂಗಳೂರು-ಮೈಸೂರುಗಳ ಕಚೇರಿಯಲ್ಲಿ ಕರ್ನಾಟಕ ಸಂಗೀತದ ಕೃತಿಗಳಂತೆಯೂ, ಧಾರವಾಡ-ಹುಬ್ಬಳ್ಳಿಗಳಲ್ಲಿ ಖ್ಯಾಲ್ ಮುಗಿದ ಮೇಲೆ ಹಾಡುವ ‘ದಾಸವಾಣಿ’ಯಾಗಿಯೂ, ಕಾಗಿನೆಲೆಯ ಸುತ್ತಲ ಹಳ್ಳಿಗಳಲ್ಲಿ ಗುಡಿಯ ಭಜನೆಯಾಗಿಯೂ ಕೇಳಿಬರುತ್ತವೆ. ಉತ್ತರಾದಿ ಮಠದ ಸತ್ಯಬೋಧತೀರ್ಥರ ಬೃಂದಾವನವಿರುವ ಸವಣೂರಿನಲ್ಲಿ ಮಾಧ್ವ ಮನೆತನಗಳ ದೇವರನಾಮದ ಪರಂಪರೆ ಪ್ರತ್ಯೇಕವಾಗಿಯೇ ಉಳಿದುಬಂದಿದೆ.

ಪ್ರಕಾರಗಳ ಗಡಿಯನ್ನು ಎಲ್ಲರಿಗಿಂತ ಹೆಚ್ಚು ದಾಟಿದವರು ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889). ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾದ ಇವರ ರಚನೆಗಳನ್ನು ಸಾಮಾನ್ಯವಾಗಿ ತತ್ವಪದವೆಂದು ಕರೆಯುತ್ತಾರೆ. ಮನೆ, ಹೊಲ, ಗಿರಣಿ, ಕೋಳಿ, ನೀರು ತರುವ ಕೊಡ ಮುಂತಾದ ನಿತ್ಯದ ವಸ್ತುಗಳನ್ನು ದೇಹಕ್ಕೂ ಆತ್ಮಕ್ಕೂ ಸಂಕೇತವಾಗಿಸುವುದು, ಆಡುಮಾತಿನ ಧಾರವಾಡ ಕನ್ನಡವನ್ನು ಬೆಡಗಿನ ಅರ್ಥಕ್ಕೆ ಬಗ್ಗಿಸುವುದು ತತ್ವಪದದ ಲಕ್ಷಣ. ಹಾಡುವವನೊಬ್ಬ ಪಲ್ಲವಿಯನ್ನು ಎತ್ತಿಕೊಳ್ಳುತ್ತಾನೆ, ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ, ಒಂದೊಂದು ನುಡಿ ಮುಗಿದಾಗಲೂ ಪಲ್ಲವಿ ಮರಳುತ್ತದೆ. ಏಕತಾರಿ, ದಮ್ಮಡಿ, ತಾಳಗಳ ಜತೆಗೆ ನಂತರದ ದಿನಗಳಲ್ಲಿ ಹಾರ್ಮೋನಿಯಂ ಮತ್ತು ತಬಲಾ ಸೇರಿದವು. ಬಂಗಾಳದ ಬಾವುಲ್ ಗಾಯಕರು, ಅದರಲ್ಲಿಯೂ ಶರೀಫರಿಗಿಂತ ಒಂದೇ ವರ್ಷ ಈಚೆಗೆ, 1890ರಲ್ಲಿ ತೀರಿಕೊಂಡ ಲಾಲನ್ ಷಾ, ದೇಹವನ್ನೇ ತತ್ವದ ನೆಲೆಯಾಗಿ ಕಂಡು ಏಕತಾರಿಯ ಜತೆ ಹಾಡಿದ್ದನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ಎರಡೂ ಕಡೆ ಸೂಫಿ ಮತ್ತು ಭಕ್ತಿ ಧಾರೆಗಳು ಹಳ್ಳಿಯ ನುಡಿಯಲ್ಲಿ ಕೂಡಿದ್ದವು, ಒಂದು ಇನ್ನೊಂದನ್ನು ಅರಿತಿರಬೇಕಾಗಿರಲಿಲ್ಲ.

ಆದರೆ ಶರೀಫರನ್ನು ತತ್ವಪದಕಾರರೆಂದಷ್ಟೇ ಕರೆದರೆ ಅರ್ಧ ಹೇಳಿದಂತೆ. ಅವರು ಬಯಲಾಟದ ನಂಟಿದ್ದವರು. ಮೊಹರಂ ಹಬ್ಬಕ್ಕೆ ರಿವಾಯತ್ ಪದಗಳನ್ನೂ ಕಟ್ಟಿದರು. ರಿವಾಯತ್ ಎಂದರೆ ಕರ್ಬಲಾದ ಕಾಳಗದಲ್ಲಿ ಮಡಿದ ಹುಸೇನ್ ಮತ್ತು ಅವರ ಮನೆತನದವರ ಕಥೆಯನ್ನು ಕನ್ನಡದಲ್ಲಿ ಹೇಳುವ ಮೇಳದ ಹಾಡು. ಅಲಾಯಿ ಕುಣಿಯ ಸುತ್ತ, ಹೆಜ್ಜೆ ಹಾಕುತ್ತ, ಎರಡು ಮೇಳಗಳು ಸವಾಲು-ಜವಾಬಿನಂತೆ ಹಾಡುವುದೂ ಉಂಟು. ಲಖನೌದ ಮರ್ಸಿಯಾ ಇದೇ ದುಃಖವನ್ನು ಉರ್ದುವಿನ ಉನ್ನತ ಕಾವ್ಯಶೈಲಿಯಲ್ಲಿ ಶಿಯಾ ಮಜಲಿಸ್‌ಗಳಲ್ಲಿ ಹೇಳಿದರೆ, ಧಾರವಾಡ-ಹಾವೇರಿ ಸೀಮೆಯ ರಿವಾಯತ್ ಅದನ್ನು ಹಳ್ಳಿಯ ಬಯಲಿಗೆ ತಂದಿತು. ಹಾಡುವವರಲ್ಲಿ ಹಿಂದೂಗಳೂ ಧಾರಾಳವಾಗಿ ಇರುತ್ತಾರೆ, ಕರ್ಬಲಾದ ಯೋಧರು ಕನ್ನಡ ಲಾವಣಿಯ ವೀರರಂತೆ ಮಾತನಾಡುತ್ತಾರೆ. ಶಿಗ್ಗಾವಿ ತಾಲ್ಲೂಕಿನದೇ ಆದ ಹುಲಗೂರಿನ ಖಾದರಿ ದರ್ಗಾ ಶರೀಫರ ಹೆತ್ತವರ ಭಕ್ತಿಯ ನೆಲೆಯಾಗಿತ್ತೆಂಬ ಪರಂಪರೆಯ ಮಾತನ್ನು ಗಮನಿಸಿದರೆ, ಶಿಶುನಾಳಾಧೀಶನ ಅಂಕಿತ ಮತ್ತು ಮೊಹರಂನ ಪದ ಒಬ್ಬನೇ ಕವಿಯಲ್ಲಿ ಕೂಡಿದ್ದು ವಿಚಿತ್ರವೆನಿಸದು.

ಆಚರಣೆಯ ವಾದ್ಯಸಂಗೀತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು, ಏಕೆಂದರೆ ಅದರ ಬಹುಭಾಗ ಉತ್ತರ ಕರ್ನಾಟಕಕ್ಕೆಲ್ಲ ಸಮಾನ. ಹಾಲುಮತದ ಕುರುಬರ ಬೀರಪ್ಪನ ಪೂಜೆಯಲ್ಲಿ ಡೊಳ್ಳು, ಯಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆ, ಗೊಂದಲಿಗರ ಸಂಬಾಳ, ಮೈಲಾರನ ಗೊರವರ ಡಮರುಗ, ಹೋಳಿಯ ಕಾಮಣ್ಣನ ಮುಂದೆ ಹಲಿಗೆ, ಮೆರವಣಿಗೆಗೆ ಕರಡಿ ಮಜಲು ಮತ್ತು ಝಾಂಜ್ ಮೇಳ. ಲಂಬಾಣಿ ತಾಂಡಾಗಳಲ್ಲಿ ತೀಜ್ ಹಾಗೂ ಹೋಳಿಯ ಹಾಡುಗಳು ತಮ್ಮದೇ ಭಾಷೆಯಲ್ಲಿ ನಡೆಯುತ್ತವೆ. ವೀರಭದ್ರನ ಪುರವಂತರು ಮಾತ್ರ ಸ್ವಲ್ಪ ಬೇರೆಯಾಗಿ ನಿಲ್ಲುತ್ತಾರೆ. ಸಮ್ಮಾಳದ ಬಡಿತ ಒಮ್ಮೆಗೆ ನಿಂತ ಕ್ಷಣದಲ್ಲಿ ಅವರು ಏರುದನಿಯಲ್ಲಿ ಹೇಳುವ ಒಡಪು ಹಾಡೂ ಅಲ್ಲ, ಬರಿಯ ಮಾತೂ ಅಲ್ಲ. ದಕ್ಷಯಜ್ಞದ ಕಥೆಯ ತುಣುಕನ್ನು ಗದ್ಯದ ಓಟದಲ್ಲಿ ಉಸಿರು ಹಿಡಿದು ಹೇಳಿ ಮುಗಿಸಿದೊಡನೆ ವಾದ್ಯ ಮತ್ತೆ ಎತ್ತಿಕೊಳ್ಳುತ್ತದೆ. ಸಂಗೀತ ಮತ್ತು ಮಾತುಗಳ ನಡುವಿನ ಈ ನೆಲೆಗೆ ಶಾಸ್ತ್ರಗ್ರಂಥಗಳಲ್ಲಿ ಸರಿಯಾದ ಹೆಸರು ಸಿಗುವುದು ಕಷ್ಟ.

ರಂಗದ ಸಂಗೀತದಲ್ಲಿ ದೊಡ್ಡಾಟ ಹಳೆಯದು: ಭಾಗವತ ಮತ್ತು ಹಿಮ್ಮೇಳದವರು ಮದ್ದಲೆ, ತಾಳ, ಹಾರ್ಮೋನಿಯಂಗಳೊಂದಿಗೆ ಕಂದ, ವೃತ್ತ, ದ್ವಿಪದಿಗಳನ್ನು ಎತ್ತರದ ಶ್ರುತಿಯಲ್ಲಿ ಹಾಡಿದರೆ ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಸಣ್ಣಾಟದಲ್ಲಿ ಪುರಾಣದ ಬದಲು ಸಾಮಾಜಿಕ ಕಥೆ, ಹಗುರವಾದ ಹಾಡು. ಗೀಗೀ ಪದ ಇದಕ್ಕೆ ನೆರೆಯ ಪ್ರಕಾರ. ಮುಂಭಾಗದ ಹಾಡುಗಾರ ದಪ್ಪು ಬಡಿಯುತ್ತ ಲಾವಣಿ ಹೇಳಿದರೆ, ಹಿಂದಿನವರು ತುಂತುಣಿ ಮತ್ತು ತಾಳ ಹಿಡಿದು ಗೀಗೀ ಎಂಬ ಸೊಲ್ಲನ್ನು ಸೇರಿಸುತ್ತಾರೆ. ಪುರುಷ ಹೆಚ್ಚೆಂದು ವಾದಿಸುವ ಹರದೇಶಿ, ಪ್ರಕೃತಿ ಹೆಚ್ಚೆಂದು ವಾದಿಸುವ ನಾಗೇಶಿ ಪಕ್ಷಗಳು ರಾತ್ರಿಯಿಡೀ ಹಾಡಿನಲ್ಲೇ ವಾದಕ್ಕೆ ನಿಲ್ಲುವುದು ಇದರ ಸೊಗಸು, ಮಹಾರಾಷ್ಟ್ರದ ತಮಾಷಾ ಮೇಳಗಳ ಸವಾಲು-ಜವಾಬಿಗೆ ಇದು ಸಮೀಪವಾದುದು. 19ನೆಯ ಶತಮಾನದ ಕೊನೆಗೆ ಈ ಬಯಲಿನ ಆಟಗಳ ಮೇಲೆ ಕಂಪನಿ ನಾಟಕಗಳ ನೆರಳು ಬಿತ್ತು. ಮರಾಠಿ ಸಂಗೀತ ನಾಟಕದ ಜನಕ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ; 1880ರಲ್ಲಿ ಅವರು ಆಡಿಸಿದ ‘ಶಾಕುಂತಲ’ದ ನಂತರ ಹಿಂದುಸ್ತಾನಿ ರಾಗದ ರಂಗಗೀತೆ ಧಾರವಾಡ ಸೀಮೆಯ ರುಚಿಯನ್ನೇ ಬದಲಿಸಿತು. ಖ್ಯಾಲ್ ಹಾಡುಗಾರಿಕೆಗೆ ಈ ಕಡೆಯ ಕಿವಿಗಳನ್ನು ಸಿದ್ಧಗೊಳಿಸಿದ್ದರಲ್ಲಿ ಅರಮನೆಗಳಿಗಿಂತ ನಾಟಕದ ಡೇರೆಗಳ ಪಾಲು ಹೆಚ್ಚೆಂದು ಹೇಳಿದರೆ ತಪ್ಪಾಗದು.

ಆ ಸಿದ್ಧತೆಯ ಫಲವನ್ನು ಉಂಡ ಇಬ್ಬರು ಗವಾಯಿಗಳು ಹಾನಗಲ್ ತಾಲ್ಲೂಕಿನವರೇ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಪೂರ್ವಾಶ್ರಮದಲ್ಲಿ ಗದಿಗೆಯ್ಯನೆಂಬ ಹೆಸರಿನ, ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಹೆಸರಾದ ಅಂಧ ಬಾಲಕನನ್ನು ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ಪೋಷಿಸಿ ಸಂಗೀತಕ್ಕೆ ಹಚ್ಚಿದರು. ಶಿವಯೋಗಮಂದಿರವನ್ನು ಕಟ್ಟಿದ ಈ ಯತಿಗಳು ಸಂಗೀತವನ್ನು ಮಠದ ಧರ್ಮಕಾರ್ಯದ ಭಾಗವಾಗಿ ಕಂಡದ್ದು ಮುಂದಿನ ಎಲ್ಲಕ್ಕೂ ಬುನಾದಿಯಾಯಿತು. ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿಯನ್ನೂ ಕಲಿತ ಪಂಚಾಕ್ಷರಿ ಗವಾಯಿಗಳಿಗೆ ‘ಉಭಯಗಾನ ವಿಶಾರದ’ ಎಂಬ ಬಿರುದು ಬಂದಿತು. ಎರಡು ಪದ್ಧತಿಗಳಲ್ಲಿ ರಾಗಗಳ ಹೆಸರು, ಗಮಕದ ಬಳಕೆ, ತಾಳಗಳ ಲೆಕ್ಕ, ಕಚೇರಿಯ ನಡೆ ಎಲ್ಲವೂ ಬೇರೆ: ಕರ್ನಾಟಕ ಪದ್ಧತಿಯಲ್ಲಿ ಕೃತಿಯ ಸಾಹಿತ್ಯ ಮತ್ತು ಅದರ ನಿಶ್ಚಿತ ಸಂಗತಿಗಳು ಮುಖ್ಯವಾದರೆ, ಖ್ಯಾಲ್‌ನಲ್ಲಿ ಎರಡು-ನಾಲ್ಕು ಸಾಲಿನ ಚೀಜಿನ ಸುತ್ತ ಆಲಾಪ, ಬೋಲ್, ತಾನ್‌ಗಳ ಮೂಲಕ ಗಾಯಕನೇ ರಾಗವನ್ನು ಬೆಳೆಸಬೇಕು. ಇವೆರಡನ್ನೂ ಒಬ್ಬನೇ ಗಾಯಕ ಕಲಬೆರಕೆಯಾಗದಂತೆ ಹಾಡುವುದು ಇಂದಿಗೂ ಅಪರೂಪ. ಅಂಧರಿಗೂ ಅನಾಥರಿಗೂ ಅನ್ನ ಮತ್ತು ವಿದ್ಯೆ ಕೊಡುತ್ತ ಊರಿಂದೂರಿಗೆ ಸಂಚರಿಸುತ್ತಿದ್ದ ಅವರ ಪಾಠಶಾಲೆ ಕಡೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅದರ ಹೊಣೆ ಹೊತ್ತವರು ಹಾನಗಲ್ ತಾಲ್ಲೂಕಿನ ದೇವರಹೊಸಪೇಟೆಯಲ್ಲಿ 1914ರಲ್ಲಿ ಜನಿಸಿ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು. ಗಾಯನದ ಜತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳನ್ನು ಬಲ್ಲ ಇವರು ಪುರಾಣಗಳನ್ನು ಬರೆದರು, ನಾಟಕ ರಚಿಸಿದರು, ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಶಾಸ್ತ್ರೀಯ ಸಂಗೀತದ ಗುರುಕುಲವೊಂದು ರಂಗಗೀತೆಯ ಗಲ್ಲಾಪೆಟ್ಟಿಗೆಯಿಂದ ಉಸಿರಾಡಿದ ಈ ಉದಾಹರಣೆ, ಪ್ರಕಾರಗಳಲ್ಲಿ ಮೇಲು-ಕೀಳು ಎಣಿಸುವವರಿಗೆ ಸ್ವಲ್ಪ ಮುಜುಗರ ತರುವಂಥದು. 2010ರಲ್ಲಿ ಪದ್ಮಭೂಷಣ ಪಡೆದ ಅವರು ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಹಾನಗಲ್ಲಿನ ಹೆಸರನ್ನು ಹಿಂದುಸ್ತಾನಿ ಸಂಗೀತದ ಭೂಪಟದಲ್ಲಿ ಬರೆದವರು ಗಂಗೂಬಾಯಿ ಹಾನಗಲ್ (1913–2009). ಅವರು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಊರಿನ ಹೆಸರು ಮನೆತನದೊಂದಿಗೆ ಬಂದದ್ದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಮಗಳಿಗೆ ಹಿಂದುಸ್ತಾನಿ ಕಲಿಸಲು 1928ರಲ್ಲಿ ಮನೆಯನ್ನೇ ಹುಬ್ಬಳ್ಳಿಗೆ ಸಾಗಿಸಿದ ಆಕೆ, ಎರಡು ಪದ್ಧತಿಗಳು ಮಗಳ ಕಿವಿಯಲ್ಲಿ ಬೆರೆಯಬಾರದೆಂದು ತಮ್ಮ ಹಾಡುಗಾರಿಕೆಯನ್ನು ನಿಲ್ಲಿಸಿದರೆಂದು ಪ್ರಸಿದ್ಧಿ. ಪಂಚಾಕ್ಷರಿ ಗವಾಯಿಗಳಲ್ಲಿ ಒಂದೇ ಕಂಠದಲ್ಲಿ ಸೇರಿದ್ದ ಎರಡು ಪದ್ಧತಿಗಳು ಈ ಮನೆಯಲ್ಲಿ ತಾಯಿ-ಮಗಳ ನಡುವೆ ಬೇರ್ಪಟ್ಟವು. ಕಿನ್ನರಿ ವಾದಕ ಕೃಷ್ಣಾಚಾರ್ಯ ಹುಲಗೂರರಲ್ಲಿ ಆರಂಭದ ಪಾಠ, ದತ್ತೋಪಂತ ದೇಸಾಯರಲ್ಲಿ ಅಭ್ಯಾಸ, ಅನಂತರ ಶಿಗ್ಗಾವಿ ಸೀಮೆಗೆ ಹತ್ತಿಕೊಂಡಂತಿರುವ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಿರಾಣಾ ಶಿಕ್ಷಣ ಅವರಿಗೆ ದೊರೆಯಿತು. ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಈ ಭಾಗಕ್ಕೆ ಬಂದ ಕಿರಾಣಾ ಶೈಲಿಯಲ್ಲಿ ತಾಳದ ಚಮತ್ಕಾರಕ್ಕಿಂತ ಸ್ವರದ ಶುದ್ಧಿ ಮೇಲು. ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ನೆಲೆಗೊಳಿಸುತ್ತ ರಾಗವನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುವ ಬಢತ್ ಅದರ ಗುರುತು. ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆಗಳಲ್ಲಿರುವ ತೆಳುವಾದ ಎತ್ತರದ ದನಿ ಗಂಟಲ ಕಾಯಿಲೆಯ ಚಿಕಿತ್ಸೆಯ ನಂತರ ಗಂಡುದನಿಯಷ್ಟು ತಗ್ಗಿತು. ಆ ನಷ್ಟವನ್ನೇ ಅವರು ಶೈಲಿಯಾಗಿಸಿಕೊಂಡರು. ಹಾಡುವ ಮನೆತನದ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಠುಮರಿಯಂಥ ಶೃಂಗಾರ ಪ್ರಕಾರಗಳಿಗೆ ಹೆಚ್ಚು ಒಲಿಯದೆ ಘನವಾದ ಖ್ಯಾಲ್ ಒಂದನ್ನೇ ಹಿಡಿದು ನಿಂತ ಅವರ ಆಯ್ಕೆಯಲ್ಲಿ ಸಂಗೀತದ ನಿಲುವಿನಷ್ಟೇ ಸಾಮಾಜಿಕ ನಿಲುವೂ ಇದೆ. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತು. ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರುವುದು ಕರ್ನಾಟಕ ಸಂಗೀತದ ತವರಾದ ಮೈಸೂರಿನಲ್ಲಿ.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಶಾಸ್ತ್ರೀಯ, ಸುಗಮ, ಜಾನಪದ, ಭಕ್ತಿಗೀತೆ ಎಂಬ ವಿಂಗಡಣೆ ಗಟ್ಟಿಯಾಯಿತು. ಸಂದರ್ಭದ ಜಾಗಕ್ಕೆ ವೇಳಾಪಟ್ಟಿ ಬಂದು, ಒಂದು ಹಾಡು ದಿನದ ಯಾವ ಕಾಲು ತಾಸಿಗೆ ಸಲ್ಲುತ್ತದೆ ಎಂಬುದೇ ಅದರ ಪ್ರಕಾರವಾಯಿತು. ಕ್ಯಾಸೆಟ್ಟಿನ ಯುಗದಲ್ಲಿ ಸಿ. ಅಶ್ವತ್ಥ್ ಅವರು ಶರೀಫರ ಪದಗಳಿಗೆ ವಾದ್ಯವೃಂದದ ಸಂಯೋಜನೆ ಮಾಡಿ ಹಾಡಿದಾಗ ಹಳ್ಳಿಯ ಭಜನೆ ನಗರದ ಸುಗಮ ಸಂಗೀತವಾಯಿತು, 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. ಆ ಧಾಟಿಗಳು ಎಷ್ಟು ಹರಡಿದವೆಂದರೆ ಇಂದು ಅನೇಕ ಭಜನಾ ಮೇಳಗಳು ಹಳೆಯ ಮಟ್ಟನ್ನು ಬಿಟ್ಟು ಚಿತ್ರದ ಮಟ್ಟಿನಲ್ಲಿಯೇ ಆ ಪ‌ದಗಳನ್ನು ಹಾಡುತ್ತವೆ. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಸಂಗೀತಕ್ಕೆ ಹಂಸಲೇಖ ಅವರಿಗೂ, ಅದರ ಹಿಂದಿ ಚೀಜಿನ ಮಾದರಿಯ ಹಾಡಿಗಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಿಂದಾಗಿ ಈ ಪ್ರಕಾರಗಳಲ್ಲಿ ಹಲವು ಪಠ್ಯವಿಷಯಗಳಾಗಿವೆ. ಪಾಠಶಾಲೆಯ ಹೊರಗೆ, ಜಾತ್ರೆಯ ರಸಮಂಜರಿ ಕಾರ್ಯಕ್ರಮ, ಕೀಬೋರ್ಡು, ರಿದಂ ಪ್ಯಾಡು ಮತ್ತು ಯೂಟ್ಯೂಬ್ ಕೂಡಿ ‘ಉತ್ತರ ಕರ್ನಾಟಕ ಜಾನಪದ’ವೆಂಬ ಹೆಸರಿನ ಹೊಸ ಪ್ರಕಾರವೊಂದನ್ನು ರೂಪಿಸಿವೆ, ಕರ್ತೃ ಗೊತ್ತಿರುವ, ಧ್ವನಿಮುದ್ರಣ ಕೇಂದ್ರದಲ್ಲಿ ಹುಟ್ಟುವ ಈ ಹಾಡುಗಳನ್ನು ಜಾನಪದವೆಂದು ಕರೆಯಲು ವಿದ್ವಾಂಸರು ಒಪ್ಪುವುದಿಲ್ಲ, ಕೇಳುವವರು ಬೇರೆ ಹೆಸರನ್ನು ಒಪ್ಪುವುದಿಲ್ಲ. ದೀಪಾವಳಿಯ ನಂತರ ಹಾನಗಲ್, ಹಿರೇಕೆರೂರು, ಸವಣೂರು ಕಡೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಹೆಸರಾಂತ ಹೋರಿಗಳನ್ನು ಕೊಂಡಾಡುವ ಹಾಡುಗಳನ್ನು ಧ್ವನಿವರ್ಧಕದಲ್ಲಿ ಹಾಕುವುದು ಈಚಿನ ರೂಢಿ. ಲಾವಣಿಯ ವೀರಸ್ತುತಿ, ಡೊಳ್ಳಿನ ಬಡಿತದ ಅನುಕರಣೆ ಮತ್ತು ಸಿನಿಮಾ ಮಟ್ಟು ಕೂಡಿದ ಈ ಹಾಡುಗಳು ಅಖಾಡದ ಹೊರಗೆ ಮೊಬೈಲಿನಲ್ಲಿ ವರ್ಷವಿಡೀ ಓಡಾಡುತ್ತವೆ.